ಅವರ ಮನೆಯಲ್ಲಿ ನಾವು, ನಮ್ಮ ಮನೆಯಲ್ಲಿ ಅವರು

ಸೋಮಾರಿ ಎಂದು ಒಪ್ಪಿಕೊಳ್ಳುವುದಕ್ಕೂ ಒಂದಿಷ್ಟು ಚಟುವಟಿಕೆ ಬೇಕಾಗುತ್ತದೆ. ಬಾಯಿ ತೆರೆಯಬೇಕು, ಎದುರಿಗಿರುವವರನ್ನು ನೋಡಬೇಕು, ಅವರು ನಕ್ಕರೆ ನಾವೂ ನಗಬೇಕು. ಅಷ್ಟೆಲ್ಲ ಯಾರು ಮಾಡುತ್ತಾರೆಂದು ಇಷ್ಟು ವರ್ಷ ಸುಮ್ಮನಿದ್ದೆ. ಈಗ ಬರೆದು ತಿಳಿಸುವುದು ಸುಲಭ ಅನ್ನಿಸಿ ಹೇಳುತ್ತಿದ್ದೇನೆ. ನಾನು ಹುಟ್ಟು ಸೋಮಾರಿ. ಅದರಲ್ಲೂ ಚಳಿಗಾಲದಲ್ಲಿ ನನ್ನ ಪ್ರತಿಭೆ ಪೂರ್ತಿ ಅರಳುತ್ತದೆ.

ಎಂಬತ್ತನೆಯ ಇಸವಿಯ ಆಚೀಚಿನ ಮಾತು. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಡಿಸೆಂಬರಿನ ಕೊನೆಗೆ ಎಂಟು ದಿನ ಸೂಟಿ ಕೊಡುತ್ತಿದ್ದರು. ಆ ಎಂಟು ದಿನಗಳಿಗಾಗಿ ನಾನು ಜೂನಿನಿಂದಲೇ ಕಾಯುತ್ತಿದ್ದೆ. ನನ್ನ ಯೋಜನೆ ಬಹಳ ಸರಳ. ನಮ್ಮ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಕೌದಿ ಹಾಸುವುದು, ಪಕ್ಕದಲ್ಲೊಂದು ಬುಟ್ಟಿ ಹುರಿದ ಶೇಂಗಾ ಇಟ್ಟುಕೊಳ್ಳುವುದು, ಬಿಸಿಲು ಸರಿದ ಹಾಗೆ ಕೌದಿ ಸರಿಸುತ್ತ, ಹಂಚಿನ ಮೇಲಿನ ರೊಟ್ಟಿಯಂತೆ ಒಮ್ಮೆ ಈ ಮಗ್ಗುಲು ಒಮ್ಮೆ ಆ ಮಗ್ಗುಲು ಬೇಯುವುದು. ಆ ಓಣಿ, ಆ ಮಾಳಿಗೆ ಎಲ್ಲವೂ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಮಲಗಿವೆ. ನನಗೆ ಸಿಗದ ವಿಶ್ರಾಂತಿ ಕೊನೆಗೂ ಅವಕ್ಕೆ ಸಿಕ್ಕಿತು.

ಹೌದು, ನನಗೆ ಸಿಗಲಿಲ್ಲ. ಸ್ವಂತ ಮನೆಯಲ್ಲಿ ವಿಶ್ರಾಂತಿ ಸಿಗುತ್ತದೆನ್ನುವುದು ಮನೆಯಿಲ್ಲದವರು ಹುಟ್ಟಿಸಿದ ಸುದ್ದಿಯಿರಬೇಕು. ಯಜಮಾನನಿಗೆ ಸೂಟಿ ಬಂತೆಂದು ಮನೆಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಆರು ತಿಂಗಳು ಮೌನವಾಗಿದ್ದ ಬಾಗಿಲು ಅಂದೇ ಕಿರುಗುಟ್ಟುತ್ತದೆ. ಹೊರಸಿನ ನವಾರ ಅಂದೇ ಸಡಿಲಾಗುತ್ತದೆ. ಆ ವರ್ಷ ಸೂಟಿಯ ಮೊದಲ ದಿನವೇ ಬಚ್ಚಲ ಹಂಡೆ ಸೋರಿತು. ಅದನ್ನು ಕಂಚಗಾರನ ಹತ್ತಿರ ಹೊತ್ತುಕೊಂಡು ಹೋಗಿ, ಕಾದು, ಬೆಸೆಸಿಕೊಂಡು ಬರುವಷ್ಟರಲ್ಲಿ ಸಂಜೆಯಾಯಿತು. ಎರಡನೆಯ ದಿನ ಮುಂಜಾನೆ ಮಾಳಿಗೆ ಹತ್ತಿ ಕೌದಿ ಹಾಸಿ ಇನ್ನೇನು ಬೆನ್ನು ತಾಗಿಸಬೇಕು, ಕೆಳಗಿನಿಂದ ಅವ್ವನ ದನಿ ಬಂತು.

"ತಮ್ಮಾ, ಕೆಳಗ ಇಳಿ. ಇಳಕಲ್ಲಿಗೆ ಹೋಗೂದೈತಿ."

ಭೂಮಿ ನಡುಗಿದ್ದರೂ ನಾನು ಅಷ್ಟು ಬೇಗ ಎದ್ದು ಕೂರುತ್ತಿರಲಿಲ್ಲ. ಯಾಕೆಂದರೆ ಇಳಕಲ್ಲಿನಲ್ಲಿ ಇದ್ದವಳು ನಮ್ಮ ಚಿಗವ್ವ. ಅವ್ವ ಮತ್ತು ಅವಳ ಈ ಒಬ್ಬಳೇ ತಂಗಿ ಮಾತು ಬಿಟ್ಟು ಆಗಲೇ ಎರಡು ವರ್ಷವಾಗಿತ್ತು.

ಅವ್ವನ ಹೆಸರು ಗೌರವ್ವ, ಚಿಗವ್ವನ ಹೆಸರು ಪಾರವ್ವ. ನಮ್ಮ ಅಜ್ಜ ಒಬ್ಬಳೇ ದೇವಿಯ ಎರಡು ಹೆಸರನ್ನು ಇಬ್ಬರು ಹೆಣ್ಣುಮಕ್ಕಳಿಗೆ ಹಂಚಿದ್ದ. ಹೀಗಾಗಿ ಒಂದೇ ಪೀಠಕ್ಕೆ ಇಬ್ಬರ ಪೈಪೋಟಿ ತೊಟ್ಟಿಲಿನಿಂದಲೇ ಶುರುವಾಗಿತ್ತು. ಚಿಗವ್ವನ ಗಂಡ, ಅಂದರೆ ನಮ್ಮ ಕಾಕಾ, ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಅವರ ಮಗಳ ಮದುವೆಯಲ್ಲಿ ಚಿಗವ್ವ ಅಕ್ಕನಿಗೆ ತನ್ನ ಕೈಯಾರೆ ಆರಿಸಿದ ಒಂದು ದಾಳಿಂಬೆ ಬಣ್ಣದ ಸೀರೆ ಉಡುಗೊರೆ ಕೊಟ್ಟಳು. ಅವ್ವ ಸೆರಗು ಹರವಿ ನೋಡಿದಳು, ಬೆರಳಿನಿಂದ ತಿಕ್ಕಿದಳು, ಆಮೇಲೆ ಬೀಗರೆಲ್ಲ ಕೂತ ಜಮಖಾನೆಯ ಮೇಲೆಯೇ ಕೇಳಿದಳು: "ಬಣ್ಣಾ ಏನರ ಬಿಡ್ತೈತೇನ ಪಾರಿ?"

ಇಳಕಲ್ಲಿನ ಸೀರೆ ವ್ಯಾಪಾರಿಯ ಹೆಂಡತಿಗೆ ಈ ಪ್ರಶ್ನೆ ಕೇಳುವುದೆಂದರೆ ಪುರೋಹಿತನಿಗೆ ಮಂತ್ರ ಬರುತ್ತದೆಯೇ ಎಂದು ಕೇಳಿದಂತೆ. ಚಿಗವ್ವ ಒಂದು ಕ್ಷಣವೂ ತಡೆಯಲಿಲ್ಲ.

"ನಮ್ಮ ಸೀರಿ ಬಣ್ಣಾ ಬಿಡೂದಿಲ್ಲಕ್ಕಾ. ಬಿಡೂದು ಮಂದಿ."

ಅಂದಿನಿಂದ ಮಾತಿಲ್ಲ. ಅವಳು ಬಂದು ಕರೆಯಲಿ ಎಂದು ಇವಳು, ಇವಳು ಬಂದು ಕೇಳಲಿ ಎಂದು ಅವಳು. ಹಳೆಯ ಶಾಸನಗಳಲ್ಲಿ ಸಂಧಿವಿಗ್ರಹಿ ಎಂಬ ಒಬ್ಬ ಅಧಿಕಾರಿ ಬರುತ್ತಾನೆ. ಯುದ್ಧ ಮಾಡಬೇಕೋ ಒಪ್ಪಂದ ಮಾಡಿಕೊಳ್ಳಬೇಕೋ ಎಂದು ಅರಸನ ಪರವಾಗಿ ನೋಡಿಕೊಳ್ಳುವವನು. ನಮ್ಮ ಮನೆತನದಲ್ಲಿ ಆ ಹುದ್ದೆ ನನ್ನದೂ ಕಾಕಾನದೂ ಆಗಬೇಕಿತ್ತು. ಆದರೆ ನಾನು ಸೋಮಾರಿ, ಕಾಕಾ ಅಂಜುಬುರುಕ. ಆ ಮನುಷ್ಯ ಗಿರಾಕಿಗಳ ಮುಂದೆ ಐವತ್ತು ಸೀರೆ ಬಿಚ್ಚಿ ಹರವುತ್ತಿದ್ದ, ಹೆಂಡತಿಯ ಮುಂದೆ ಒಂದು ಮಾತು ಬಿಚ್ಚುತ್ತಿರಲಿಲ್ಲ.

"ಚಿಗವ್ವನ ಮನಿಗೇನವ್ವಾ?" ಎಂದು ನಾನು ಮಾಳಿಗೆಯ ಅಂಚಿನಿಂದ ಕೇಳಿದೆ.

"ಆಕಿ ಮನಿಗೆ ನಾ ಯಾಕ ಹೋಗ್ಲಿ? ಪ್ಯಾಟಿಗೆ ಹೊಂಟೇನಿ. ನಿನ್ನ ಹೆಂಡ್ತಿಗೆ ಒಂದು ಸೀರಿ ನೋಡೂದೈತಿ. ಆಕಿ ಮನಿ ಹಾದಿ ಮ್ಯಾಲ ಬಂತಂದ್ರ ಏನು, ಕಣ್ಣ ಮುಚ್ಚಿಕೊಂಡು ಹೋಗಾಕ ಬರತೈತಿ?"

ಸೀರೆ ನೋಡಲು ಹೊರಟವಳ ಕೈಯಲ್ಲಿ ಎಳ್ಳು ಹೋಳಿಗೆಯ ಒಂದು ದೊಡ್ಡ ಗಂಟಿತ್ತು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಹಿಂದಿನ ದಿನ ನಾನು ಹಂಡೆ ಹೊತ್ತು ತಿರುಗುವಾಗ ಅವ್ವ ಕೂತು ಮಾಡಿದ್ದಳು. ಮತ್ತೊಂದು ಗಂಟಿನಲ್ಲಿ ಸಜ್ಜೆಯ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಇಷ್ಟಾಗಿ ಮೈಮೇಲೆ ಅದೇ ದಾಳಿಂಬೆ ಬಣ್ಣದ ಸೀರೆ. ನನ್ನ ಹೆಂಡತಿ ಸುಮಿತ್ರಾ ನನ್ನನ್ನು ನೋಡಿ ಕಣ್ಣಿನಲ್ಲೇ ನಕ್ಕಳು. ಕೀಲಿಕೈ ಪಕ್ಕದ ಮನೆಯ ಮುದುಕಿಗೆ ಕೊಟ್ಟು ಮೂವರೂ ಹೊರಟೆವು.

ಬಸ್ಸಿನಲ್ಲಿ ನಾನು ನಿದ್ದೆ ಮಾಡಿದೆ. ಇದನ್ನು ವಿಶೇಷವಾಗಿ ಹೇಳುತ್ತಿರುವುದು ಯಾಕೆಂದರೆ, ನಾನು ಎಚ್ಚರವಿದ್ದಿದ್ದರೆ ಎದುರಿನಿಂದ ಬಂದು ನಮ್ಮನ್ನು ದಾಟಿ ಹೋದ ಕೆಂಪು ಬಸ್ಸನ್ನು ನೋಡುತ್ತಿದ್ದೆ. ಅದರ ಕಿಟಕಿಯಲ್ಲಿ ಯಾರು ಕೂತಿದ್ದರೆಂಬುದನ್ನೂ ನೋಡುತ್ತಿದ್ದೆ. ಆಗ ಈ ಪ್ರಬಂಧಕ್ಕೆ ವಿಷಯವೇ ಇರುತ್ತಿರಲಿಲ್ಲ. ನಿದ್ದೆಯಿಂದ ಸಾಹಿತ್ಯಕ್ಕೆ ಆಗುವ ಲಾಭವನ್ನು ಯಾರೂ ಸರಿಯಾಗಿ ಗುರುತಿಸಿಲ್ಲ.

ಇಳಕಲ್ಲಿನಲ್ಲಿ ಇಳಿದ ಮೇಲೆ ಅವ್ವನಿಗೆ ಪೇಟೆ ನೆನಪಾಗಲಿಲ್ಲ. ನೇರವಾಗಿ ಚಿಗವ್ವನ ಓಣಿಗೆ ನಡೆದಳು. ಬಾಗಿಲಿಗೆ ದೊಡ್ಡ ಕೀಲಿ ಜೋತಾಡುತ್ತಿತ್ತು. ಪಕ್ಕದ ಮನೆಯ ಪಡಸಾಲೆಯಲ್ಲಿ ಹೊಲಿಗೆಯ ಯಂತ್ರ ತುಳಿಯುತ್ತಿದ್ದ ದರ್ಜಿ ರಾಜೇಸಾಬ ನಮ್ಮನ್ನು ನೋಡಿ ಕಾಲು ನಿಲ್ಲಿಸಿದ.

"ಅಲ್ರೀ ಅಕ್ಕಾರ, ನೀವು ಇಲ್ಲೆ ಹೆಂಗ್ರಿ? ಅವರು ಗಂಡಾ ಹೆಂಡ್ತಿ ನಿಮ್ಮೂರಿಗೇ ಹೋದ್ರಲ್ರಿ, ಮುಂಜಾನಿ ಬಸ್ಸಿಗೆ!"

ಅವ್ವ ಕೆಳಗೆ ಇಟ್ಟ ಗಂಟನ್ನು ಮತ್ತೆ ಎತ್ತಿಕೊಂಡಳು. "ನಮ್ಮೂರಿಗೆ? ಯಾಕ?"

"ಅಕ್ಕನ ಮನಿಗಲ್ರಿ. ಯಾಕ ಹೊಂಟೀರಿ ಅಂತ ಕೇಳಿದ್ದಕ್ಕ, ಬಾಗಲಕೋಟಿಯಾಗ ಹಲ್ಲಿನ ಡಾಕ್ಟರಿಗೆ ತೋರಸೂದೈತಿ ಅಂದ್ರು. ಹಲ್ಲ ತೋರಸಾಕ ಯಾರರ ಒಂದು ಬುಟ್ಟಿ ಶೇಂಗಾ ಹೋಳಿಗಿ ಕಟಿಗೊಂಡು ಹೋಗ್ತಾರೇನ್ರಿ?"

ಅವ್ವನ ಮುಖದ ಮೇಲೆ ಆಗ ಹಾದುಹೋದದ್ದನ್ನು ವರ್ಣಿಸಲು ನನಗೆ ಬಾರದು. ಮೊದಲು ಸಂತೋಷ, ತಂಗಿ ತಾನಾಗಿ ಹೋಗಿದ್ದಾಳೆ ಎಂದು. ಅದರ ಬೆನ್ನಿಗೇ ಸಂಕಟ, ಹೋದವಳಿಗೆ ಕೀಲಿ ಹಾಕಿದ ಬಾಗಿಲು ಕಂಡಿರುತ್ತದೆ ಎಂದು. ಅದರ ಹಿಂದೆ ಒಂದು ಸಣ್ಣ ಲೆಕ್ಕಾಚಾರ.

"ಮನಿ ಕೀಲಿ ಹಾಕೈತಿ ಅಂದಮ್ಯಾಲ ಸಂಜಿ ಬಸ್ಸಿಗೆ ತಿರುಗಿ ಬರ್ತಾರ. ನಾವು ಇಲ್ಲೇ ಕಾಯೋಣು."

ರಾಜೇಸಾಬ ಕೀಲಿಕೈ ತಂದುಕೊಟ್ಟ. ಆ ಕಾಲದಲ್ಲಿ ಕೀಲಿ ಹಾಕುವುದು ಕಳ್ಳರಿಗಾಗಿ. ಬೀಗರು ಬಂದರೆ ತೆರೆಯಲು ಕೀಲಿಕೈ ಪಕ್ಕದ ಮನೆಯಲ್ಲಿರುತ್ತಿತ್ತು. ನಾವು ಬಾಗಿಲು ತೆರೆದು ಒಳಗೆ ಹೋದೆವು. ಅತ್ತ ಬಾಗಲಕೋಟೆಯಲ್ಲಿ ಅದೇ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಚಿಗವ್ವನಿಗೆ ನಮ್ಮ ಕೀಲಿಕೈ ಕೊಟ್ಟಿದ್ದಳು. ಚಿಗವ್ವನೂ ಹೇಳಿದ್ದಳಂತೆ: "ಸಂಜಿ ಬಸ್ಸಿಗೆ ಬರ್ತಾರ. ಇಲ್ಲೇ ಕಾಯೋಣು."

ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ಪಂಡಿತರು ಬಿಡಿಸಿ ಹೇಳುತ್ತಾರೆ. ಆದರೆ ಯಜಮಾನನೇ ಇಲ್ಲದ ಮನೆಯಲ್ಲಿ ಬಂದು ಕೂತ ಅತಿಥಿಗೆ ಏನೆನ್ನಬೇಕೆಂದು ಯಾವ ನಿಘಂಟಿನಲ್ಲೂ ಇಲ್ಲ. ಇದ್ದಿದ್ದರೆ ಅದಕ್ಕೆ 'ಪರಮಸುಖಿ' ಎಂದೇ ಅರ್ಥ ಕೊಡಬೇಕಿತ್ತು. ಕಾಕಾನ ಪಡಸಾಲೆಯಲ್ಲಿ ಉದ್ದ ಕೈಗಳ ಒಂದು ಆರಾಮ ಖುರ್ಚಿಯಿತ್ತು. ಅದರಲ್ಲಿ ಒರಗಿದೆ. ಮೇಲೆ ನೋಡಿದೆ. ಜಂತಿಯಲ್ಲಿ ಗೆದ್ದಲು ಹಿಡಿದಿತ್ತು. ಅದು ನನ್ನ ಜಂತಿಯಲ್ಲ. ಬಾಗಿಲ ಕೊಂಡಿ ಸಡಿಲವಾಗಿತ್ತು. ಅದು ನನ್ನ ಕೊಂಡಿಯಲ್ಲ. ಹಿತ್ತಲಲ್ಲಿ ಏನೋ ಸೋರುವ ಸದ್ದು ಬರುತ್ತಿತ್ತು. ಆಹಾ! ಎಷ್ಟು ಇಂಪಾದ ಸದ್ದು! ಜೀವನದಲ್ಲಿ ಮೊದಲ ಬಾರಿಗೆ ನಾನು ನಿಜವಾಗಿ ವಿಶ್ರಾಂತಿ ತೆಗೆದುಕೊಂಡೆ.

ಸಂಜೆಯ ಬಸ್ಸಿಗೆ ಅವರು ಬರಲಿಲ್ಲ. ಮರುದಿನ ಮುಂಜಾನೆಯೂ ಬರಲಿಲ್ಲ. ಮಧ್ಯಾಹ್ನದ ಬಸ್ಸಿನ ಕಂಡಕ್ಟರು ಮಾತ್ರ ಓಣಿ ಹುಡುಕಿಕೊಂಡು ಬಂದ. ಬಾಗಲಕೋಟೆ ಮತ್ತು ಇಳಕಲ್ಲಿನ ನಡುವೆ ದಿನವೂ ಓಡಾಡುವ ಬಸ್ಸು ಅವನದು. ತುಂಬು ಮೀಸೆಯ ಗಂಭೀರ ಮನುಷ್ಯ.

"ಗೌರವ್ವಾರು ಯಾರ್ರಿ? ಬಾಗಲಕೋಟಿಯಿಂದ ನಿಮ್ಮ ತಂಗ್ಯಾರು ಹೇಳಿ ಕಳಿಸ್ಯಾರ. 'ನಾವು ಬಂದೇವಿ, ನೀವು ಬರ್ರಿ' ಅಂತ."

ಅವ್ವ ಎದ್ದು ನಿಂತಳು. "ನಾವೂ ಬಂದೇವಿ, ನೀವ ಬರ್ರಿ ಅಂತ ಹೇಳಪ್ಪಾ."

ಮರುದಿನ ಅವನು ಉತ್ತರ ತಂದ. "'ನಾವು ಮೊದಲ ಬಂದೇವಿ' ಅಂತಾರ್ರಿ ಅವರು."

"ಒಂಬತ್ತಕ್ಕ ಬಸ್ಸ ಹತ್ತೇವಿ ನಾವು. ಅವರು ಎಷ್ಟಕ್ಕ ಹತ್ತ್ಯಾರಂತ?"

"ಅವರೂ ಒಂಬತ್ತಕ್ಕಂತ್ರಿ," ಎಂದ ಕಂಡಕ್ಟರು. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಕ್ಕಾರ, ನಾಳಿಂದ ನನಗ ಬ್ಯಾರೆ ರೂಟು ಐತ್ರಿ. ಇವತ್ತ ಒಂದು ತೀರ್ಮಾನ ಮಾಡ್ರಿ. ನಮ್ಮ ಡ್ರೈವರೂ ಇದರ ಚಿಂತಿಯಾಗ ಬಿದ್ದಾನ."

ಅವ್ವ ತೀರ್ಮಾನ ಮಾಡಲಿಲ್ಲ. ಸುಮ್ಮನೆ ಕೂರುವುದು ಅವಳಿಗೆ ಆಗದ ಮಾತಾದ್ದರಿಂದ ಚಿಗವ್ವನ ಅಡಿಗೆಮನೆಗೆ ಕೈ ಹಚ್ಚಿದಳು. "ಸಾಸಿವಿ ಡಬ್ಬಿ ಯಾರರ ಮ್ಯಾಲಿನ ಗೂಡಿನ್ಯಾಗ ಇಡ್ತಾರೇನವ್ವಾ?" ಎಂದು ಸುಮಿತ್ರಾಳನ್ನು ಕೇಳುತ್ತ ಅದನ್ನು ಕೆಳಗೆ ಇಳಿಸಿದಳು. ಕೆಳಗಿನ ಅರಿಸಿನ ಮೇಲೆ ಹೋಯಿತು. ಬೇಳೆಯ ಡಬ್ಬಿಗಳು ಎಡದಿಂದ ಬಲಕ್ಕೆ, ಪಾತ್ರೆಗಳು ಬಲದಿಂದ ಎಡಕ್ಕೆ ವಲಸೆ ಹೋದವು. ಒಂದೇ ದಿನದಲ್ಲಿ ಇಡೀ ರಾಜ್ಯದ ಗಡಿಗಳು ಬದಲಾದವು.

ಆ ಎಳ್ಳು ಹೋಳಿಗೆಯ ಗಂಟನ್ನು ಮಾತ್ರ ಅವ್ವ ಯಾರಿಗೂ ಮುಟ್ಟಗೊಡಲಿಲ್ಲ. ಒಮ್ಮೆ ನಾನು ಮೆಲ್ಲಗೆ ಗಂಟಿನ ತುದಿ ಸಡಿಲಿಸಿದಾಗ ಒಳಗಿನಿಂದಲೇ ಕೂಗಿದಳು: "ಅದು ಪಾರಿಗೆ ತಂದದ್ದು. ಕೈ ಹಚ್ಚಬ್ಯಾಡ."

ಸೂಟಿಯ ಐದನೆಯ ದಿನ ಅವ್ವ ನಸುಕಿನಲ್ಲಿ ನನ್ನನ್ನು ಎಬ್ಬಿಸಿದಳು. ಅವಳ ಕಣ್ಣಿನಲ್ಲಿ ಹೊಸ ಹೊಳಪಿತ್ತು.

"ಏಳು ತಮ್ಮಾ, ಊರಿಗೆ ಹೋಗೋಣು. ನಾ ಹೋಗಿ ನನ್ನ ಮನಿಯಾಗ ನಿಂತ್ನಿ ಅಂದ್ರ ಆಕಿ ನನ್ನ ಮನಿಗೆ ಬಂದಂಗ ಆತಿಲ್ಲ?"

"ಚಿಗವ್ವನೂ ಹಿಂಗ ವಿಚಾರ ಮಾಡಿದ್ರ?"

"ಆಕಿಗೆ ಅಷ್ಟ ತಲಿ ಇಲ್ಲ."

ಒಡಹುಟ್ಟಿದವರ ತಲೆಯ ಬಗ್ಗೆ ಇಂಥ ನಂಬಿಕೆ ಒಳ್ಳೆಯದಲ್ಲ. ಆದರೆ ನಸುಕಿನಲ್ಲಿ ವಾದ ಮಾಡುವ ಜಾತಿ ನನ್ನದಲ್ಲ. ಕಾಕಾನ ಖುರ್ಚಿಯ ಕೈಯನ್ನೊಮ್ಮೆ ಸವರಿ, ಅದಕ್ಕೆ ಮನಸ್ಸಿನಲ್ಲೇ ಶರಣು ಹೇಳಿ ಹೊರಟೆ.

ಕಮತಗಿ ನಡುಹಾದಿಯ ಊರು. ಅಲ್ಲಿ ಬಸ್ಸು ಚಹಾಕ್ಕೆ ನಿಲ್ಲುತ್ತಿತ್ತು. ಅವ್ವ ಮತ್ತು ಸುಮಿತ್ರಾ ಬಸ್ಸಿನಲ್ಲೇ ಕೂತರು. ನಾನು ಇಳಿದು ಹೋಟೆಲಿನೊಳಗೆ ಹೋದೆ. ಮೂಲೆಯ ಮೇಜಿನಲ್ಲಿ ಬಿಳಿ ಟೋಪಿಯ ಒಬ್ಬ ವ್ಯಕ್ತಿ ಚಹಾದಲ್ಲಿ ಟೋಸ್ಟು ಅದ್ದುತ್ತಿದ್ದ. ತಲೆ ಎತ್ತಿದ. ಟೋಸ್ಟು ಮುರಿದು ಚಹಾದೊಳಗೆ ಬಿತ್ತು.

"ಕಾಕಾ!"

"ಲೇ ಶಂಕರಾ! ನೀ ಇಲ್ಲೇನ ಮಾಡಾಕತ್ತಿಯೋ?"

"ಊರಿಗೆ ಹೊಂಟೇವಿ. ನೀವು?"

"ನಾವೂ ಊರಿಗೆ ಹೊಂಟೇವಿ. ನಿಮ್ಮ ಚಿಗವ್ವ ಅಂದ್ಲು, ನಾ ನನ್ನ ಮನಿಯಾಗ ಹೋಗಿ ನಿಂತ್ನಿ ಅಂದ್ರ..."

"ಗೊತ್ತೈತಿ ಬಿಡ್ರಿ," ಎಂದು ನಾನು ಅವನೆದುರು ಕುಸಿದು ಕೂತೆ.

ಹೊರಗೆ ನೋಡಿದರೆ ಎರಡು ಕೆಂಪು ಬಸ್ಸುಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು, ಒಂದರ ಮೂತಿ ಮೂಡಲಿಗೆ, ಒಂದರದು ಪಡುವಲಿಗೆ. ನಮ್ಮ ಬಸ್ಸಿನಲ್ಲಿ ಅವ್ವ ಆಚೆಯ ಕಿಟಕಿಗೆ ಕೂತಿದ್ದಳು. ಅವರ ಬಸ್ಸಿನಲ್ಲಿ ಚಿಗವ್ವನೂ ಆಚೆಯ ಕಿಟಕಿಗೇ ಕೂತಿದ್ದಳಂತೆ. ಬೆನ್ನಿಗೆ ಬೆನ್ನು, ನಡುವೆ ಒಂದು ಮಾರು ಜಾಗ.

ಕಾಕಾ ಸುತ್ತಲೂ ನೋಡಿ ದನಿ ತಗ್ಗಿಸಿದ. "ತಮ್ಮಾ, ನಾ ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ. ನಾವಿಬ್ಬರೂ ಸುಮ್ಮ ಚಾ ಕುಡದು ಎದ್ದುಬಿಡೋಣು. ನಾ ನಿನ್ನ ನೋಡಿಲ್ಲ, ನೀ ನನ್ನ ನೋಡಿಲ್ಲ. ಇನ್ನೊಂದು ತಾಸಿಗೆ ನಾವು ನಮ್ಮನಮ್ಮ ಮನಿಯಾಗ. ಇನ್ನೂ ಮೂರು ದಿನಾ ಸೂಟಿ ಐತಿ ನಿನಗ, ಹೌದಿಲ್ಲೋ?"

ಓದುಗರೇ, ನಿಮ್ಮಿಂದ ಏಕೆ ಮುಚ್ಚಿಡಲಿ? ನನ್ನ ಕಣ್ಣ ಮುಂದೆ ಮಾಳಿಗೆ ಬಂತು, ಕೌದಿ ಬಂತು, ಶೇಂಗಾ ಬುಟ್ಟಿ ಬಂತು. ಮೂರು ದಿನ! ನಾನು ಹೂಂ ಎಂದುಬಿಟ್ಟೆ. ಎಂದದ್ದಷ್ಟೇ ಅಲ್ಲ, ಕಾಕಾನೂ ನಾನೂ ಮೇಜಿನ ಕೆಳಗೆ ಕೈಯನ್ನೂ ಕುಲುಕಿದೆವು. ಇಬ್ಬರು ಸಂಧಿವಿಗ್ರಹಿಗಳು ಸೇರಿ ಕೊನೆಗೂ ಒಂದು ಒಪ್ಪಂದಕ್ಕೆ ಬಂದಿದ್ದೆವು, ಅರಸಿಯರಿಗೆ ತಿಳಿಯದಂತೆ.

ಚಹಾ ಮುಗಿಸಿ ಬಸ್ಸಿನ ಮೆಟ್ಟಿಲು ಹತ್ತಿದೆ. ಅವ್ವ ತೊಡೆಯ ಮೇಲೆ ಹೋಳಿಗೆಯ ಗಂಟು ಇಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದಳು. ಬಸ್ಸು ಕುಲುಕಿದಾಗ ಹೋಳಿಗೆ ಮುರಿದಾವೆಂದು ಇಳಕಲ್ಲಿನಿಂದ ಹಾಗೆಯೇ ಹಿಡಿದು ಬಂದಿದ್ದಳು. ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು:

"ತಮ್ಮಾ, ನಾವು ಮುಟ್ಟೂತನಾ ಪಾರಿ ಅಲ್ಲೇ ಇರ್ತಾಳಲಾ? ಎದ್ದು ಹೋಗಿಬಿಟ್ಟಿರಂಗಿಲ್ಲಲಾ?"

ನಾಲ್ಕು ದಿನದಲ್ಲಿ ಅವ್ವ ಮೊದಲು ಯಾರು, ಆಮೇಲೆ ಯಾರು ಎಂಬ ಮಾತಿಲ್ಲದೆ ಕೇಳಿದ ಮೊದಲ ಪ್ರಶ್ನೆ ಅದು. ನಮ್ಮ ಮನೆಯ ಬಾಗಿಲಿಗೆ ಕೀಲಿ ಕಂಡರೆ ಈ ಮುಖ ಹೇಗಾಗಬಹುದೆಂದು ಒಂದು ಗಳಿಗೆ ಯೋಚಿಸಿದೆ. ಕಾಕಾನಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

"ಅವ್ವಾ, ಕೆಳಗ ಇಳಿ. ಚಿಗವ್ವ ಬಾಜೂ ಬಸ್ಸಿನ್ಯಾಗ ಕುಂತಾಳ."

ಇಳಿದು ಬಂದರೆ ಕಾಕಾ ಆಗಲೇ ಚಿಗವ್ವನನ್ನು ಕೆಳಗೆ ಇಳಿಸಿಕೊಂಡು ನಿಂತಿದ್ದ. ಅವನೂ ನನಗೆ ದ್ರೋಹ ಮಾಡಿದ್ದ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ಬಸ್ಸುಗಳ ನಡುವಿನ ಆ ಸಂದಿನಲ್ಲಿ ಅಕ್ಕ ತಂಗಿ ಎದುರುಬದುರಾದರು. ಎರಡೂ ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಯಾರು ಮೊದಲು ಮಾತಾಡುತ್ತಾರೆ? ಎರಡು ವರ್ಷದ ಮೌನ ಯಾರ ಬಾಯಿಂದ ಒಡೆಯುತ್ತದೆ? ಸುಮಿತ್ರಾ ನನ್ನ ತೋಳು ಹಿಡಿದುಕೊಂಡಳು.

"ನಿನ್ನ ಸಾಸಿವಿ ಡಬ್ಬಿ ಕೆಳಗ ಇಟ್ಟೇನಿ," ಎಂದಳು ಅವ್ವ.

ಚಿಗವ್ವನ ಕಣ್ಣು ಅಗಲವಾಯಿತು. "ಯಾಕ ಮುಟ್ಟಿದಿ? ನನಗ ಸೊಂಟಾ ಬಗ್ಗೂದಿಲ್ಲಂತ ಮ್ಯಾಲ ಇಟ್ಟಿದ್ದೆ!" ಆಮೇಲೆ, "ನಾನೂ ನಿನ್ನ ಅಡಗಿಮನಿ ಎಲ್ಲಾ ಬಳದು, ಡಬ್ಬಿ ಎಲ್ಲಾ ತಿರುಗಿಸಿ ಇಟ್ಟೇನಿ," ಎಂದಳು.

"ಅಯ್ಯ ನನ್ನ ಶಿವನ! ಉಪ್ಪು ಎಲ್ಲಿಟ್ಟಿ?"

"ಉಪ್ಪು ಇರೂ ಜಾಗಾದಾಗ ಇಟ್ಟೇನಿ. ನೀ ಇಟ್ಟಲ್ಲೆ ಯಾರರ ಉಪ್ಪು ಇಡ್ತಾರ?"

ಕಿಟಕಿಯಲ್ಲಿದ್ದ ಒಬ್ಬ ಹೆಣ್ಣುಮಗಳು ಉಪ್ಪನ್ನು ಒಲೆಯ ಹತ್ತಿರವೇ ಇಡಬೇಕೆಂದು ಅಭಿಪ್ರಾಯ ಕೊಟ್ಟಳು. ಎದುರಿನ ಬಸ್ಸಿನಿಂದ ಇನ್ನೊಬ್ಬಳು ಅದನ್ನು ಖಂಡಿಸಿದಳು. ಐದು ನಿಮಿಷ ಇಡೀ ಕಮತಗಿಯ ನಿಲ್ದಾಣ ಉಪ್ಪಿನ ಪ್ರಶ್ನೆಯಲ್ಲಿ ಇಬ್ಭಾಗವಾಯಿತು. ಕೊನೆಗೆ ಡ್ರೈವರುಗಳು ಹಾರ್ನು ಬಾರಿಸಿದರು.

"ನಡಿ ಅಕ್ಕಾ, ನಮ್ಮ ಬಸ್ಸ ಹತ್ತು. ನಮ್ಮನಿಗೆ ಹೋಗೋಣು," ಎಂದಳು ಚಿಗವ್ವ.

"ನಾಕು ದಿನಾ ನಿಮ್ಮನ್ಯಾಗ ಇದ್ದ ಬಂದೇನಿ. ನೀ ಹತ್ತು ನಮ್ಮ ಬಸ್ಸ."

"ನಾನೂ ನಾಕು ದಿನಾ ನಿಮ್ಮನ್ಯಾಗ ಇದ್ದ ಬಂದೇನಿ!"

ಇದು ಮುಗಿಯುವ ಮಾತಾಗಿರಲಿಲ್ಲ. ಕಂಡಕ್ಟರುಗಳು ನಮ್ಮ ಚೀಲಗಳನ್ನು ಕೆಳಗೆ ಇಟ್ಟು ಸೀಟಿ ಊದಿದರು. ಒಂದು ಬಸ್ಸು ಬಾಗಲಕೋಟೆಗೆ ಹೋಯಿತು, ಒಂದು ಇಳಕಲ್ಲಿಗೆ ಹೋಯಿತು, ನಾವು ಐದು ಜನ ಧೂಳಿನಲ್ಲಿ ಉಳಿದೆವು. ಆಗ ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ನಮ್ಮ ಕಡೆ ತಿರುಗಿ, "ನೀವಿಬ್ಬರೂ ಗಂಡಸರು ಏನ ನೋಡಕೋತ ನಿಂತಿದ್ರಿ?" ಎಂದು ಬೈದರು. ಎರಡು ವರ್ಷದಲ್ಲಿ ಅವರು ಒಂದೇ ಮಾತಾಡಿದ್ದು ಇದೇ ಮೊದಲು.

ಆ ಬೈಗುಳದ ಪರಿಣಾಮವೋ ಏನೋ, ಕಾಕಾ ಟೋಪಿ ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಂಡ. ಗುಳೇದಗುಡ್ಡದ ದಾರಿ ಹಿಡಿದು ಬಾದಾಮಿಗೆ ಹೋಗುವ ಒಂದು ಬಸ್ಸು ಆಗಷ್ಟೇ ಬಂದು ನಿಂತಿತ್ತು. ಅದರ ಕಡೆ ಕೈ ತೋರಿಸಿ ಆ ಮನುಷ್ಯ ಮದುವೆಯಾದಾಗಿನಿಂದ ಆಡದಂಥ ದನಿಯಲ್ಲಿ ಹೇಳಿದ:

"ಎಲ್ಲಾರೂ ಆ ಬಸ್ಸ ಹತ್ರಿ. ಬಾದಾಮ್ಯಾಗ ಯಾರ ಮನೀನೂ ಇಲ್ಲ."

ಚಿಗವ್ವ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಅವ್ವ ಸೆರಗು ಹೊದ್ದುಕೊಂಡಳು. ಇಬ್ಬರೂ ಹತ್ತಿದರು.

ಇತಿಹಾಸದ ಮೇಷ್ಟರನ್ನು ಬಾದಾಮಿಗೆ ಕರೆದುಕೊಂಡು ಹೋದರೆ ಏನಾಗುತ್ತದೆಂದು ನೀವು ಊಹಿಸಬಹುದು. ಬಂಡೆಯ ಮೆಟ್ಟಿಲುಗಳನ್ನು ಹತ್ತುತ್ತಲೇ ನಾನು ಚಾಲುಕ್ಯರನ್ನು ಶುರು ಮಾಡಿದೆ. ಮೊದಲನೆಯ ಗುಹೆಗೆ ಬರುವಷ್ಟರಲ್ಲಿ ಕೇಳುತ್ತಿದ್ದವರು ಕಾಕಾ ಮತ್ತು ಸುಮಿತ್ರಾ, ಎರಡನೆಯದಕ್ಕೆ ಸುಮಿತ್ರಾ, ಮೂರನೆಯದಕ್ಕೆ ನಾನೊಬ್ಬನೇ. ಅಕ್ಕ ತಂಗಿ ಮುಂದೆ ಮುಂದೆ ಹೋಗುತ್ತಿದ್ದರು, ಒಟ್ಟಿಗೆ, ಆದರೆ ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು. ಡಬ್ಬಿಗಳ ವಿಷಯ ಮುಗಿದಿತ್ತು. ಮುಂದಿನ ಮಾತು ಇಬ್ಬರಿಗೂ ಸಿಗುತ್ತಿರಲಿಲ್ಲ.

ಮೇಲೆ ಕಟ್ಟೆಯ ಮೇಲೆ ಕೂತು ಊಟದ ಗಂಟು ಬಿಚ್ಚಿದೆವು. ಕೆಳಗೆ ಕೆರೆಯ ನೀರು ಬಿಸಿಲಿಗೆ ಹಸಿರಾಗಿ ಮಿನುಗುತ್ತಿತ್ತು. ಅವ್ವ ಹೋಳಿಗೆಯ ಗಂಟನ್ನು ಮೆಲ್ಲಗೆ ತಂಗಿಯ ಕಡೆ ಸರಿಸಿದಳು. ಕಣ್ಣು ಮಾತ್ರ ಎತ್ತಲೋ ನೋಡುತ್ತಿತ್ತು. ಚಿಗವ್ವ ಕೈ ಚಾಚಬೇಕು, ಅಷ್ಟರಲ್ಲಿ ಬಂಡೆಯ ಮೇಲಿನಿಂದ ಒಂದು ದಡೂತಿ ಮಂಗ ಧುಮುಕಿ ಗಂಟನ್ನು ಎತ್ತಿಕೊಂಡು ಎದುರಿನ ಚಾಚುಬಂಡೆಯ ಮೇಲೆ ಹೋಗಿ ಕೂತಿತು. ಗಂಟು ಬಿಚ್ಚಿತು. ಒಂದು ಹೋಳಿಗೆ ತೆಗೆದು, ತಿರುವಿ ನೋಡಿ, ಮೂಸಿ, ಒಂದು ತುತ್ತು ಕಚ್ಚಿತು. ಮುಖ ಕಿವುಚಿತು. ಆಮೇಲೆ ಹೋಳಿಗೆಯನ್ನೂ ಗಂಟನ್ನೂ ಒಟ್ಟಿಗೆ ನಮ್ಮ ಕಡೆ ಬೀಸಿ ಎಸೆಯಿತು.

ಅವ್ವನ ಮುಖ ಕೆಂಪಾಯಿತು. ದಿನವಿಡೀ ಕೂತು ಎಳ್ಳು ತೊಳೆದು, ಹುರಿದು, ಕುಟ್ಟಿ, ಹದ ನೋಡಿ ಮಾಡಿದ್ದ ಹೋಳಿಗೆ. ಎಲ್ಲರೆದುರು ಒಂದು ಮಂಗ ಅದನ್ನು ಬಿಸಾಡಿತ್ತು.

ಚಿಗವ್ವ ಎದ್ದು ನಿಂತಳು. ಸೊಂಟ ಬಗ್ಗುವುದಿಲ್ಲ ಎಂದಿದ್ದವಳು ಬಗ್ಗಿ ಒಂದು ಚಪ್ಪಲಿ ಎತ್ತಿಕೊಂಡಳು.

"ಏ ಖೋಡಿ! ನಮ್ಮಕ್ಕನ ಹೋಳಿಗಿ ಒಗೀತಿ? ಇಂಥಾ ಹೋಳಿಗಿ ನಿನ್ನ ಏಳು ತಲಿಮಾರಿನ್ಯಾಗ ಯಾರರ ತಿಂದಾರೇನ? ಬಾ ಇಲ್ಲೆ, ಬಾ! ನಿನ್ನ ನಾಲಿಗಿ ಸುಡಲಿ!"

ಚಪ್ಪಲಿ ಹಾರಿತು. ಮಂಗ ಬಂಡೆ ದಾಟಿ ಓಡಿತು. ಚಿಗವ್ವ ಏದುಸಿರು ಬಿಡುತ್ತ ಗಂಟನ್ನು ಎತ್ತಿಕೊಂಡು ಬಂದಳು, ಮುರಿಯದೆ ಉಳಿದಿದ್ದ ಒಂದು ಹೋಳಿಗೆ ಆರಿಸಿ, ಅವ್ವನ ಎದುರು ಕೂತು, ಪೂರ್ತಿ ತಿಂದಳು. ತಿನ್ನುತ್ತಲೇ ಇನ್ನೊಂದಕ್ಕೆ ಕೈ ಹಾಕಿದಳು.

"ಛಲೋ ಆಗ್ಯಾವೇನ?" ಎಂದಳು ಅವ್ವ, ಸಣ್ಣ ದನಿಯಲ್ಲಿ.

"ಅವ್ವ ಮಾಡಿದಂಗ ಆಗ್ಯಾವ."

ಅವ್ವ ದಾಳಿಂಬೆ ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಾಕಾ ಆ ಒದ್ದೆ ಸೆರಗನ್ನು ವ್ಯಾಪಾರಿಯ ಕಣ್ಣಿನಿಂದ ಒಮ್ಮೆ ನೋಡಿ, ಸಮಾಧಾನದಿಂದ ತಲೆಯಾಡಿಸಿದ.

ಆಮೇಲೆ ಮಾತು ಶುರುವಾಯಿತು ನೋಡಿ! ಎರಡು ವರ್ಷದಲ್ಲಿ ಸತ್ತವರು, ಹುಟ್ಟಿದವರು, ಓಡಿಹೋದವರು, ನಮ್ಮ ಬಂಧುಬಳಗದ ಸಮಸ್ತ ಚರಿತ್ರೆ ಆ ಕಟ್ಟೆಯ ಮೇಲೆ ಹರಿಯಿತು. ನಾನು ಚಾಲುಕ್ಯರನ್ನು ಮುಚ್ಚಿಟ್ಟು ಬಂಡೆಗೆ ಒರಗಿ ಕಣ್ಣುಮುಚ್ಚಿದೆ. ಪಕ್ಕದಲ್ಲಿ ಕಾಕಾನೂ ಕಾಲು ಚಾಚಿದ.

"ಒಂದು ಮಾತು ಹೇಳ್ಲೇನ ತಮ್ಮಾ?" ಎಂದ ಅವನು. "ನಿಮ್ಮ ಮಾಳಗಿ ಮ್ಯಾಲ ಕೌದಿ ಹಾಸಿ ಇತ್ತಲ್ಲ, ನಾಕು ದಿನಾ ಅದರ ಮ್ಯಾಲ ಮಲಗಿದ್ದೆ. ಜೀವನದಾಗ ಅಷ್ಟ ಆರಾಮ ಆಗಿರಲಿಲ್ಲ ನೋಡು."

ನನ್ನ ಕೌದಿ! ನಾನು ಕಣ್ಣು ತೆರೆದೆ. ಆದರೆ ಅವನ ಖುರ್ಚಿಯನ್ನು ನಾನು ಬಳಸಿಕೊಂಡದ್ದು ನೆನಪಾಗಿ, ಮತ್ತೆ ಮುಚ್ಚಿದೆ. ಮನುಷ್ಯನಿಗೆ ವಿಶ್ರಾಂತಿ ಬೇಕಾದಾಗ ಮನೆಯನ್ನು ಅದಲುಬದಲು ಮಾಡಿಕೊಳ್ಳುವ ಒಂದು ಏರ್ಪಾಡನ್ನು ಸರಕಾರವೇ ಮಾಡಬೇಕೆಂದು ನನಗೆ ಅಂದಿನಿಂದಲೂ ಅನ್ನಿಸುತ್ತದೆ. ಅರ್ಜಿ ಬರೆಯಲು ಸೋಮಾರಿತನ, ಅಷ್ಟೆ.

ನಾಲ್ಕು ಗಂಟೆಗೆ ಕೆಳಗಿಳಿದು ಬಸ್ ನಿಲ್ದಾಣಕ್ಕೆ ಬಂದೆವು. ಬಾಗಲಕೋಟೆಯ ಬಸ್ಸೂ ನಿಂತಿತ್ತು, ಇಳಕಲ್ಲಿನ ಬಸ್ಸೂ ನಿಂತಿತ್ತು. ಕಮತಗಿಯ ನಾಟಕ ಮತ್ತೆ ಶುರುವಾಗುತ್ತದೆಂದು ನಾನು ಚೀಲಗಳನ್ನು ಕೆಳಗಿಟ್ಟು ಕಾದೆ. ಕಾಕಾ ತನ್ನ ದನಿಯನ್ನು ಮತ್ತೊಮ್ಮೆ ಹುಡುಕುತ್ತಿದ್ದ.

ಅಕ್ಕ ತಂಗಿ ಮಾತಾಡುತ್ತ ಬಂದರು. ಯಾರದೋ ಸೊಸೆಯ ಬಗ್ಗೆ ಗಹನವಾದ ಚರ್ಚೆ ನಡೆದಿತ್ತು. ಚಿಗವ್ವ ಅವ್ವನ ಕೈ ಹಿಡಿದಿದ್ದಳು. ಹಾಗೆಯೇ ಮಾತಾಡುತ್ತ, ಊರಿನ ಹೆಸರಿದ್ದ ಹಲಗೆಯ ಮೇಲೆ ಕಣ್ಣು ಕೂಡ ಹಾಯಿಸದೆ, ಹತ್ತಿರ ನಿಂತ ಬಸ್ಸನ್ನು ಹತ್ತಿ ಒಂದೇ ಆಸನದಲ್ಲಿ ಕೂತುಬಿಟ್ಟರು. ನಾವು ಮೂವರು ಚೀಲ ಎತ್ತಿಕೊಂಡು ಓಡಿ ಹತ್ತಿದೆವು.

"ಎಲ್ಲಿಗ್ರಿ?" ಎಂದು ಕಂಡಕ್ಟರು ಕೇಳಿದ.

"ಬಸ್ಸು ಎಲ್ಲಿಗೆ ಹೊಂಟೈತ್ರಿ?"

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಇಳಕಲ್ಲಿಗ್ರಿ."

"ಹಂಗಾದ್ರ ಐದು ಇಳಕಲ್ಲ ಕೊಡ್ರಿ."

ಸುಮಿತ್ರಾ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಕಾಕಾ ಕೂತಲ್ಲೇ ಗೊರಕೆ ಹೊಡೆದ. ನನಗೆ ಮಾತ್ರ ಅಪರೂಪಕ್ಕೆ ನಿದ್ದೆ ಬರಲಿಲ್ಲ, ಮುಂದಿನ ಆಸನದ ಆ ಎರಡು ತಲೆಗಳನ್ನೇ ನೋಡುತ್ತಿದ್ದೆ. ಹೊರಗೆ ಹೊತ್ತು ಮುಳುಗಿ, ಜೋಳದ ಹೊಲಗಳ ಮೇಲೆ ಚಳಿ ಇಳಿಯುತ್ತಿತ್ತು. ಒಂದು ಕಡೆ ಬಸ್ಸು ನಿಂತಾಗ ಅವ್ವ ಕಿಟಕಿಯಿಂದ ಇಣುಕಿದಳು.

"ಇದ್ಯಾವ ಊರೋ ತಮ್ಮಾ?"

"ಹುನಗುಂದ ಅವ್ವಾ," ಎಂದೆ ಹೆದರುತ್ತ. ಹುನಗುಂದ ದಾಟಿದರೆ ಮುಂದಿನದು ಇಳಕಲ್ಲು. ಬಾಗಲಕೋಟೆ ಬೇರೆ ದಿಕ್ಕಿಗೆ ಉಳಿದಿತ್ತು.

ಅವ್ವ "ಹೂಂ" ಎಂದು ತಂಗಿಯ ಕಡೆ ತಿರುಗಿದಳು.

"ಹಾಂ ಪಾರಿ, ಆಮ್ಯಾಲ ಆ ಸೊಸಿ ಏನಂದ್ಲಂತ?"